ಎಡ ಅಂಚಿನ ಕಪ್ಪು

ಫ್ರೇಮ್ ಅಂಗಡಿಯವರು ಮಾತಿನ ಭರದಲ್ಲಿ ಅದೊಂದನ್ನು ಹೇಳದೆ ಹೋಗಿದ್ದರೆ ಗುಬ್ಬಿಯ ತಲೆಗೆ ಹುಳ ಹೊಗುತ್ತಿರಲಿಲ್ಲ.

"ಚಿತ್ರದ ಸುತ್ತ ಕೂರಿಸೋ ಮೌಂಟಿನ ರಟ್ಟು ಎಡಗಡೆ ಒಂದು ಬೆರಳು ಜಾಸ್ತಿ ಒಳಕ್ಕೆ ಬರ್ಲಿ ಅಂತ ನಿಮ್ಮತ್ತಿಗೆ ಹೇಳಿ ಹೋಗಿದಾರೆ, ಗುಬ್ಬಕ್ಕ. ಹನ್ನೆರಡಕ್ಕೂ ಹಾಗೇ ಕತ್ತರಿಸ್ಲಾ, ಇಲ್ಲ ಅವರು ಚೀಟಿಯಲ್ಲಿ ಗುರುತು ಹಾಕಿಕೊಟ್ಟ ಒಂಬತ್ತಕ್ಕೆ ಮಾತ್ರಾನಾ?"

ಚೌಕಟ್ಟಿಗೆ ಮರದ ಪಟ್ಟಿ ಆರಿಸುತ್ತಿದ್ದ ಗುಬ್ಬಿ ಕೈ ನಿಲ್ಲಿಸಿದಳು. "ಎಡಗಡೆ ಮಾತ್ರ ಯಾಕೆ?"

"ಅದು ನನಗೇನು ಗೊತ್ತು? ನಾನು ನಾಲ್ಕು ಪಟ್ಟಿ ಸೇರಿಸೋನು. ಚಿತ್ರದೊಳಗೆ ಏನಿದೆ ಅಂತ ನೋಡ್ತಾ ಕೂತ್ರೆ ಬೆರಳು ಕುಯ್ಕೋತೀನಿ." ಅವರು ಸ್ಟೂಲಿನ ಮೇಲಿನ ಮರದ ಪುಡಿಯನ್ನು ಅಂಗಿಯ ತೋಳಿನಿಂದ ಒರೆಸಿ ಅವಳ ಕಡೆಗೆ ತಳ್ಳಿದರು. "ಕೂತ್ಕೊಳ್ಳಿ. ಬುಧವಾರ ಮಧ್ಯಾಹ್ನ ಆ ದೊಡ್ಡ ಕಂದು ಲಕೋಟೆ ಹಿಡ್ಕೊಂಡು ಹೋಗ್ತಿದ್ರಲ್ಲ, ಆಗ ಹೇಳಿದ್ರು. ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ, ಗೊತ್ತಿದೆ," ಎಂದಳು ಗುಬ್ಬಿ. ಅವಳಿಗೆ ಏನೂ ಗೊತ್ತಿರಲಿಲ್ಲ.

ಗುಬ್ಬಿ ಎಂದ ಮಾತ್ರಕ್ಕೆ ಚಿಕ್ಕ ಹುಡುಗಿಯಲ್ಲ, ಐವತ್ತೆರಡು ದಾಟಿದವಳು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಣ್ಣ ಇಟ್ಟ ಹೆಸರು ಬೀದಿಯವರ ಬಾಯಿಗೂ ಹತ್ತಿ, ಅವರು ಮರ್ಯಾದೆಗೆಂದು ಬಾಲಕ್ಕೆ ಅಕ್ಕನನ್ನು ಸೇರಿಸಿಕೊಂಡಿದ್ದರು. ಅಣ್ಣ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮನೆಯ ಮುಂಭಾಗದಲ್ಲೇ ಅವನು ಬಿಟ್ಟುಹೋದ ಸ್ಟುಡಿಯೊವನ್ನು ಅತ್ತಿಗೆ ನಾದಿನಿ ಸೇರಿ ನಡೆಸಿಕೊಂಡು ಬಂದಿದ್ದರು. ಪಾಸ್‌ಪೋರ್ಟ್ ಅಳತೆಯ ಮುಖಗಳು, ಮದುವೆ, ಮಕ್ಕಳು ಎಲ್ಲವೂ ಬೆನ್ನಿನ ಪರದೆ ನೋಡಿ ತೆಗೆಯುವ ಡಿಜಿಟಲ್ ಕ್ಯಾಮೆರಾದಲ್ಲಿ. ಅವನ್ನು ಕಂಪ್ಯೂಟರಿನಲ್ಲಿ ತಿದ್ದಿ ತೀಡುವುದು ಗುಬ್ಬಿಯ ಕೆಲಸ. ಆದರೆ ತನ್ನ ಸಂತೋಷಕ್ಕೆ ತೆಗೆಯುವ ಚಿತ್ರಗಳಿಗೆ ಮಾತ್ರ ಅವಳು ಅಣ್ಣನ ಹಳೆಯ ಕ್ಯಾಮೆರಾವನ್ನೂ ಕಪ್ಪು ಬಿಳುಪು ಫಿಲ್ಮನ್ನೂ ಬಿಟ್ಟಿರಲಿಲ್ಲ. ಅವುಗಳನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆದು ಪ್ರಿಂಟ್ ಮಾಡುವವರು ಅತ್ತಿಗೆ. ಕಾಗದದ ಮೇಲೆ ಬೂದುಬಣ್ಣವನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಪ್ಪಿಗೆ ಬಿಡಬೇಕು ಎಂಬುದರಲ್ಲಿ ಅವರ ಕೈಯನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಅವರ ಬೆರಳ ತುದಿಗಳು ಔಷಧದ ನೀರಿನಲ್ಲಿ ನೆನೆದು ನೆನೆದು ಕಂದಾಗಿದ್ದವು.

ಈಗ ಪ್ರದರ್ಶನಕ್ಕೆ ಹದಿನೆಂಟು ದಿನ ಉಳಿದಿತ್ತು. ಮೂವತ್ತು ವರ್ಷ ಬೇರೆಯವರಿಗಾಗಿ ಬೇರೆಯವರ ಮುಖ ತೆಗೆದವಳಿಗೆ ತನ್ನದೇ ಹೆಸರಿನಲ್ಲಿ ಮೊದಲ ಪ್ರದರ್ಶನ. ಕೂತು ಕೆಲಸ ಮಾಡುವವರ ಹನ್ನೆರಡು ಚಿತ್ರಗಳು: ಗಡಿಯಾರ ರಿಪೇರಿಯವನು, ಚಪ್ಪಲಿ ಹೊಲಿಯುವವನು, ಬೀಗದ ಕೈ ಮಾಡುವವನು, ಪುಸ್ತಕಕ್ಕೆ ರಟ್ಟು ಹಾಕುವವಳು, ಹೀಗೆ. ಅವುಗಳಲ್ಲಿ ಮೂರು ಹಳೆಯವು, ಒಂಬತ್ತು ಈ ವರ್ಷದವು.

ಗುಬ್ಬಿಗೆ ಒಂದು ಹಟವಿತ್ತು. ಚಿತ್ರವನ್ನು ಕಟ್ಟುವುದು ಕ್ಯಾಮೆರಾದೊಳಗೇ, ಆಮೇಲೆ ಕತ್ತರಿಸುವ ಮಾತಿಲ್ಲ. ಅದಕ್ಕೆ ಸಾಕ್ಷಿಯಾಗಿ ನೆಗೆಟಿವ್‌ನ ಪೂರ್ತಿ ಅಗಲವನ್ನೂ ಪ್ರಿಂಟ್ ಮಾಡಿಸಿ, ಸುತ್ತಲೂ ಒಂದು ಸಣ್ಣ ಕಪ್ಪು ಗೆರೆ ಉಳಿಸಿಕೊಳ್ಳುತ್ತಿದ್ದಳು. "ಆ ಗೆರೆ ನಿನಗೆ ಮೀಸೆ ಇದ್ದ ಹಾಗೆ," ಎಂದು ಅತ್ತಿಗೆ ಗೇಲಿ ಮಾಡುತ್ತಿದ್ದರು. ಈ ಸಲದ ಪ್ರಿಂಟುಗಳಲ್ಲಿ ಮೀಸೆ ಇರಲಿಲ್ಲ. ಕೇಳಿದ್ದಕ್ಕೆ, "ನೆಗೆಟಿವ್ ಇಡೋ ತಗಡು ಸೊಟ್ಟ ಆಗಿದೆ ಕಣೆ, ಅಂಚು ಸರಿಯಾಗಿ ಬೀಳ್ತಿಲ್ಲ," ಎಂದಿದ್ದರು. ಅವಳು ನಂಬಿದ್ದಳು. ಅತ್ತಿಗೆಯನ್ನು ನಂಬದೆ ಇರುವುದು ಹೇಗೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಂದು ಮನೆಗೆ ಬಂದವಳೇ ಪ್ರಿಂಟುಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹರಡಿದಳು. ಒಂದೊಂದನ್ನೇ ನೋಡುವಾಗ ಕಾಣದಿದ್ದದ್ದು ಹನ್ನೆರಡನ್ನೂ ಒಟ್ಟಿಗೆ ಇಟ್ಟಾಗ ಕಂಡಿತು. ಒಂಬತ್ತು ಚಿತ್ರಗಳ ಎಡ ಅಂಚು ಕಪ್ಪಗಿತ್ತು. ಗಡಿಯಾರದವನ ಎಡಕ್ಕೆ ಕತ್ತಲೆ, ರಟ್ಟು ಹಾಕುವವಳ ಎಡಕ್ಕೆ ಕತ್ತಲೆ, ನಡುಹಗಲಿನಲ್ಲಿ ಬಯಲಲ್ಲಿ ಕೂತ ಬೀಗದವನ ಎಡಕ್ಕೂ ಅದೇ ಕತ್ತಲೆ. ನಯವಾಗಿ, ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಇಳಿದಿತ್ತು. ಇಷ್ಟು ನಯವಾಗಿ ಕಪ್ಪು ಇಳಿಸಲು ಬರುವುದು ಒಬ್ಬರಿಗೇ.

ಪ್ರಿಂಟ್ ಮಾಡುವವರು ಪ್ರತಿ ಚಿತ್ರಕ್ಕೂ ಮೊದಲು ಒಂದು ಕಚ್ಚಾ ಪ್ರತಿ ತೆಗೆದು, ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆದುಕೊಳ್ಳುತ್ತಾರೆ. ಯಾವ ಜಾಗಕ್ಕೆ ಎಷ್ಟು ಸೆಕೆಂಡು ಹೆಚ್ಚು ಬೆಳಕು ಎಂದು. ಹೆಚ್ಚು ಬೆಳಕು ಬಿದ್ದ ಜಾಗ ಕಾಗದದಲ್ಲಿ ಹೆಚ್ಚು ಕಪ್ಪಾಗುತ್ತದೆ. ಗುಬ್ಬಿ ಕತ್ತಲೆ ಕೋಣೆಯ ರದ್ದಿಯ ಡಬ್ಬಿಯನ್ನು ಕೆದಕಿದಳು. ಕೆದಕುವಾಗ ಕಳ್ಳಿಯಂತೆ ಎರಡು ಸಲ ಬಾಗಿಲ ಕಡೆ ನೋಡಿದಳು. ನಾಲ್ಕು ಚೂರಾಗಿ ಹರಿದಿದ್ದ ರಟ್ಟು ಹಾಕುವವಳ ಕಚ್ಚಾ ಪ್ರತಿಯ ಬಲಗಡೆಯ ಎರಡು ಚೂರು ಸಿಕ್ಕವು. ಎಡಗಡೆಯ ಎರಡು ಚೂರು ಮಾತ್ರ ಡಬ್ಬಿಯಲ್ಲಿ ಇರಲಿಲ್ಲ. ಬಲಚೂರಿನ ಬೆನ್ನ ಮೇಲೆ ಅತ್ತಿಗೆಯ ಗುಂಡು ಅಕ್ಷರ: "ಎಡ ಅಂಚು, ಹದಿನೆಂಟು ಸೆಕೆಂಡು ಹೆಚ್ಚು. ಸಾಲದಿದ್ದರೆ ಇನ್ನೂ ಆರು."

ಅಂದರೆ ಬೇಕೆಂದೇ ಮಾಡಿದ್ದು.

ನೆಗೆಟಿವ್ ನೋಡೋಣವೆಂದರೆ ಅವು ಕಬ್ಬಿಣದ ಬೀರುವಿನಲ್ಲಿ. ಆ ಬೀರುವಿಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ. ಈಗ ಬೀಗ ಬಿದ್ದಿತ್ತು. ಒಂದು ರೋಲಿನ ಎಲ್ಲ ಚಿತ್ರಗಳೂ ಸಣ್ಣದಾಗಿ ಒಂದೇ ಹಾಳೆಯಲ್ಲಿ ಬರುವ ಕಾಂಟ್ಯಾಕ್ಟ್ ಶೀಟುಗಳಾದರೂ ಇರಬೇಕಿತ್ತು. ಅವುಗಳ ಕಡತ ಖಾಲಿ.

ಸಂಜೆ ಅತ್ತಿಗೆ ಬಂದಾಗ ಗುಬ್ಬಿ ಸಹಜವಾಗಿ ಕೇಳಿದಳು, ಅಂದರೆ ಸಹಜವಾಗಿ ಕೇಳುತ್ತಿದ್ದೇನೆಂದು ಅಂದುಕೊಂಡಳು. "ಬೀರುವಿಗೆ ಬೀಗ ಯಾಕೆ ಅತ್ತಿಗೆ?"

"ಧೂಳು."

"ಬೀಗ ಹಾಕಿದ್ರೆ ಧೂಳು ಬರಲ್ವಾ?"

"ಬಾಗಿಲು ತಾನಾಗೇ ತೆಗ್ದುಕೊಳ್ತಿತ್ತು. ನೀನು ಮಧ್ಯಾಹ್ನ ಊಟ ಮಾಡ್ಲಿಲ್ಲ ಅಲ್ವಾ? ಮುಚ್ಚಿಟ್ಟಿದ್ದು ಹಾಗೇ ಇದೆ."

"ಹಸಿವಿರಲಿಲ್ಲ. ಕಾಂಟ್ಯಾಕ್ಟ್ ಶೀಟುಗಳು ಎಲ್ಲಿ?"

ಅತ್ತಿಗೆ ಅಡುಗೆಮನೆಯ ಕಡೆ ತಿರುಗಿದರು. "ಇಲ್ಲೇ ಎಲ್ಲೋ ಇರ್ಬೇಕು. ಹುಡುಕಿಕೊಡ್ತೀನಿ ಬಿಡು," ಎಂದು, ಅವಳ ತಟ್ಟೆಯನ್ನು ಬಿಸಿ ಮಾಡಲು ಒಳಗೆ ಹೋದರು.

ಆ ವಾರ ಗುಬ್ಬಿ ನೆಟ್ಟಗೆ ನಿದ್ದೆ ಮಾಡಲಿಲ್ಲ. ಸಂಶಯಕ್ಕೆ ಒಂದು ಗುಣವಿದೆ, ಅದು ಹಳೆಯದನ್ನೆಲ್ಲ ತೆಗೆದು ಮತ್ತೆ ಓದಿಸುತ್ತದೆ. ಅತ್ತಿಗೆ ಈಚೆಗೆ ಬೀದಿಯಲ್ಲಿ ನಡೆಯುವಾಗ ಯಾವಾಗಲೂ ತನ್ನ ಎಡಕ್ಕೇ ಬರುತ್ತಾರೆ, ಯಾಕೆ? ಪ್ರದರ್ಶನದ ಮಾತೆತ್ತಿದರೆ ಪಾತ್ರೆಯ ಮಾತು ತೆಗೆಯುತ್ತಾರೆ, ಯಾಕೆ? ಫೋಟೋ ಕ್ಲಬ್ಬಿನ ಕಾರ್ಯದರ್ಶಿ ಹೋದ ವರ್ಷ ಯಾರದೋ ಚಿತ್ರವನ್ನು ಕದ್ದು ತನ್ನದೆಂದು ಅಚ್ಚು ಹಾಕಿಸಿದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಕಂದು ಲಕೋಟೆ ಅವನ ಮನೆಗೇ ಹೋಗುತ್ತಿರಬಹುದೇ? ಅಥವಾ ಅಣ್ಣನ ಹೆಸರಿಲ್ಲದ ಪ್ರದರ್ಶನ ನಡೆಯುವುದೇ ಅತ್ತಿಗೆಗೆ ಬೇಡವೇ? ಚಿತ್ರಗಳು ಕೆಟ್ಟರೆ ಪ್ರದರ್ಶನದ ಹಾಲ್‌ನವರೇ ಬೇಡವೆನ್ನುತ್ತಾರೆ, ಯಾರ ಮೇಲೂ ಮಾತು ಬರುವುದಿಲ್ಲ. ಹೀಗೆ ಯೋಚಿಸಿ, ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ, ಮತ್ತೆ ಅದನ್ನೇ ಯೋಚಿಸುತ್ತಿದ್ದಳು.

ಬುಧವಾರ ಎರಡೂವರೆಗೆ ಅತ್ತಿಗೆ ಲಕೋಟೆ ಹಿಡಿದು ಹೊರಟರು. ಗುಬ್ಬಿ ಸ್ಟುಡಿಯೊಗೆ ಬೀಗ ಹಾಕಿ, ಅರ್ಧ ಬೀದಿ ಬಿಟ್ಟು ಹಿಂಬಾಲಿಸಿದಳು. ಅತ್ತಿಗೆ ನಿಧಾನಕ್ಕೆ ನಡೆಯುವವರು, ಹಿಂಬಾಲಿಸುವುದೇ ಕಷ್ಟ. ಎರಡು ಹೆಜ್ಜೆಗೊಮ್ಮೆ ಯಾವುದಾದರೂ ಅಂಗಡಿಯ ಗಾಜು ನೋಡುತ್ತ ನಿಲ್ಲಬೇಕಾಗುತ್ತಿತ್ತು. ಒಂದು ಕಡೆ ಅತ್ತಿಗೆ ನಿಂತು, ಹಣ್ಣಿನವಳ ಗಾಡಿಯ ಚಕ್ರಕ್ಕೆ ಒತ್ತಿಟ್ಟ ಕಲ್ಲು ಜಾರಿದ್ದನ್ನು ಕಾಲಿನಿಂದಲೇ ಸರಿಪಡಿಸಿ ಮುಂದೆ ಹೋದರು. ಇಂಥವರು ಮೋಸ ಮಾಡಬಲ್ಲರೇ ಎಂದು ಗುಬ್ಬಿಗೆ ಅನಿಸಿತು. ಇಂಥವರನ್ನೇ ಯಾರೂ ಸಂಶಯಿಸುವುದಿಲ್ಲ ಎಂದೂ ಅನಿಸಿತು.

ಅತ್ತಿಗೆ ಕ್ಲಬ್ಬಿನ ಬೀದಿಗೆ ತಿರುಗಲಿಲ್ಲ. ಬಟ್ಟೆ ಹೊಲಿಯುವವರ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರು. ಮೇಲೆ ಬೋರ್ಡು ಇತ್ತು: ಕಣ್ಣಿನ ವೈದ್ಯರು, ಸೋಮವಾರ ಮತ್ತು ಬುಧವಾರ, ಮೂರರಿಂದ ಆರು.

ಗುಬ್ಬಿ ಎದುರು ಬದಿಯ ಕಂಬಕ್ಕೆ ಒರಗಿ ನಿಂತುಬಿಟ್ಟಳು. ಎಲ್ಲವೂ ಒಂದೇ ಸಲ ಬಿಡಿಸಿಕೊಂಡಿತು. ಅತ್ತಿಗೆಯ ಕಣ್ಣು ಹೋಗುತ್ತಿದೆ. ಎಡಗಡೆ ಕಪ್ಪಾಗಿದ್ದು ಅವರಿಗೆ ಕಾಣುತ್ತಿಲ್ಲ, ಅಥವಾ ಕಾಣದೆ ಹೆಚ್ಚು ಬೆಳಕು ಕೊಡುತ್ತಿದ್ದಾರೆ. ಹೇಳಿಕೊಳ್ಳಲಾರದೆ ಬೀಗ ಹಾಕಿ, ಮೌಂಟಿನ ಅಡಿಯಲ್ಲಿ ಮುಚ್ಚಿ ಒದ್ದಾಡುತ್ತಿದ್ದಾರೆ. ಪಾಪ. ಅವಳಿಗೆ ಅಳು ಬಂತು. ಅಳುವಿನ ಜೊತೆಗೆ, ಸುಳ್ಳೇಕೆ, ಒಂದು ನಿರಾಳವೂ ಬಂತು. ಚಿತ್ರಗಳು ನೆಗೆಟಿವ್‌ನಲ್ಲಿ ಕ್ಷೇಮವಾಗಿರುತ್ತವೆ. ಬೇರೆ ಯಾರ ಕೈಯಲ್ಲಾದರೂ ಪ್ರಿಂಟ್ ಮಾಡಿಸಬಹುದು, ಅತ್ತಿಗೆಗೆ ನೋವಾಗದ ಹಾಗೆ.

ಅತ್ತಿಗೆ ಬರುವ ಮೊದಲೇ ಮನೆ ಸೇರಿ ಟೀ ಮಾಡಿಟ್ಟಳು. ಅವರು ಕೂತ ಮೇಲೆ, ಎಳೆಯ ಮಗುವಿನ ಹತ್ತಿರ ಆಡುವ ದನಿಯಲ್ಲಿ ಶುರುಮಾಡಿದಳು.

"ಅತ್ತಿಗೆ, ನಂಗೆ ಎಲ್ಲಾ ಗೊತ್ತಾಯ್ತು. ಇವತ್ತು ನಿಮ್ಮ ಹಿಂದೇನೇ ಬಂದಿದ್ದೆ. ಬೈಕೊಳ್ಳಿ ಬೇಕಾದ್ರೆ."

ಅತ್ತಿಗೆ ಲೋಟವನ್ನು ಕೆಳಗಿಟ್ಟರು. ಮುಖ ಬಿಳಚಿಕೊಂಡಿತು. "ಮೆಟ್ಟಿಲು ಹತ್ತಿ ಬಂದ್ಯಾ? ಡಾಕ್ಟರ್ ಹತ್ರ ಮಾತಾಡಿದ್ಯಾ?"

"ಇಲ್ಲ. ಮಾತಾಡೋದು ಏನಿದೆ? ಮುಚ್ಚಿಡೋ ಅಂಥದ್ದೂ ಏನಿಲ್ಲ. ವಯಸ್ಸಾದ ಮೇಲೆ ಯಾರ ಕಣ್ಣಾದ್ರೂ ಅಷ್ಟೆ. ನೀವು ಒಬ್ಬರೇ ಹೋಗೋದು ಬೇಡ, ಮುಂದಿನ ಸಲ ನಾನೂ ಬರ್ತೀನಿ. ಪ್ರಿಂಟಿನ ಕೆಲಸ ಸ್ವಲ್ಪ ದಿನ ಬಿಡಿ."

ಅತ್ತಿಗೆ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು, ಎದ್ದು, ಬೀರು ತೆರೆದರು. ನೆಗೆಟಿವ್ ಕಡತವನ್ನು ತಂದು, ಕೆಳಗಿನಿಂದ ಬೆಳಕು ಬರುವ ಗಾಜಿನ ಪೆಟ್ಟಿಗೆಯ ಮೇಲೆ ಒಂಬತ್ತನ್ನೂ ಸಾಲಾಗಿ ಇಟ್ಟು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟರು.

"ನನ್ನ ಕಣ್ಣಲ್ಲ ಗುಬ್ಬಿ," ಎಂದರು.

ಗುಬ್ಬಿ ಬಾಗಿ ನೋಡಿದಳು. ಗಡಿಯಾರದವನ ಎಡಕ್ಕೆ ಯಾರದೋ ಮೊಣಕೈ, ಅರ್ಧ ಬೆನ್ನು. ರಟ್ಟು ಹಾಕುವವಳ ಎಡಕ್ಕೆ ಒಬ್ಬ ಗಂಡಸು, ಗೆರೆ ಅಂಗಿಯವನು, ಬಾಯಿ ತೆರೆದು ನೇರ ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದಾನೆ. ಬೀಗದವನ ಎಡಕ್ಕೆ ಕಸದ ಡಬ್ಬಿ. ಚಪ್ಪಲಿಯವನ ಎಡಕ್ಕೆ ಅರ್ಧ ಕತ್ತರಿಸಿದ ಹೆಂಗಸಿನ ಮುಖ. ಒಂದರಲ್ಲೂ ಬಿಡದೆ, ಎಡದ ಕಾಲುಭಾಗದಲ್ಲಿ ಬೇಡದ್ದೇನೋ ಹೊಕ್ಕಿತ್ತು.

"ಇವು ನಾನು ತೆಗ್ದಿದ್ದಲ್ಲ," ಎಂದಳು. ಅದು ಎಂಥ ಪೆದ್ದು ಮಾತೆಂದು ಆಡಿದ ಮೇಲೆ ಹೊಳೆಯಿತು. "ಇವನು ಅಲ್ಲಿ ಇರ್ಲೇ ಇಲ್ಲ ಅತ್ತಿಗೆ. ನಾನು ನೋಡಿದೀನಿ. ಅಲ್ಲಿ ಬರೀ ಗೋಡೆ ಇತ್ತು."

"ಅಲ್ವಾ ಮತ್ತೆ," ಎಂದರು ಅತ್ತಿಗೆ ಮೆಲ್ಲಗೆ.

"ಕ್ಯಾಮೆರಾ ಕೆಟ್ಟಿದೆ. ಕಿಂಡಿ ಒಂದು ತೋರಿಸ್ತಿದೆ, ಫಿಲ್ಮಿಗೆ ಒಂದು ಬೀಳ್ತಿದೆ. ನೀವು ಒರೆಸೋವಾಗ ಬೀಳಿಸಿರ್ತೀರಿ."

"ಬೀಳಿಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ನಾನೂ ಮೊದಲು ಅದನ್ನೇ ಅಂದ್ಕೊಂಡು ಒಂದು ರೋಲ್ ಹಾಕಿ ಪರೀಕ್ಷೆ ಮಾಡ್ದೆ. ಕ್ಯಾಮೆರಾ ಸರಿಯಾಗಿದೆ."

"ನಂಗೆ ಕಣ್ಣು ಚೆನ್ನಾಗಿ ಕಾಣುತ್ತೆ. ಸೂಜಿಗೆ ದಾರ ಹಾಕ್ತೀನಿ."

"ಎರಡು ಕಣ್ಣೂ ಬಿಟ್ಕೊಂಡು ಹಾಕ್ತೀಯ. ಕ್ಯಾಮೆರಾ ಹಿಡಿದಾಗ ಎಡಗಣ್ಣು ಮುಚ್ತೀಯ." ಅತ್ತಿಗೆ ಕಪಾಟಿನಿಂದ ಕ್ಯಾಮೆರಾ ತಂದು ಅವಳ ಮುಂದೆ ಇಟ್ಟರು. "ಹಿಡಿ. ಆ ಬಿಳಿ ಪರದೆಯ ನಡುವಿನ ಕುರ್ಚಿ ನೋಡ್ತಿರು, ಕಣ್ಣು ಆಚೀಚೆ ಆಡಿಸ್ಬೇಡ. ನಾನು ಎಡಗಡೆಯಿಂದ ನಡ್ಕೊಂಡು ಬರ್ತೀನಿ. ಕಂಡಾಗ ಹೇಳು."

ಗುಬ್ಬಿ ಮುಖ ಊದಿಸಿಕೊಂಡೇ ಕ್ಯಾಮೆರಾ ಎತ್ತಿದಳು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗೆ ಇಟ್ಟಳು. ಕುರ್ಚಿ ಕಂಡಿತು. ಬಿಳಿ ಪರದೆ ಉದ್ದಕ್ಕೂ ಸ್ವಚ್ಛವಾಗಿ ಕಂಡಿತು. ಎಲ್ಲೂ ಕಪ್ಪಿಲ್ಲ, ಮಬ್ಬಿಲ್ಲ. ಅವಳು ಕಾದಳು. ಗೆದ್ದೆನೆಂಬ ದನಿಯಲ್ಲಿ ಕೇಳಿದಳು:

"ಹೊರಟ್ರಾ ಇಲ್ವಾ?"

"ಹೊರಟು ಬಂದು ನಿಂತಿದೀನಿ ಕಣೆ. ಕೈ ಬೀಸ್ತಾ ಇದೀನಿ."

ದನಿ ಬಹಳ ಹತ್ತಿರದಿಂದ ಬಂತು. ಗುಬ್ಬಿ ಕಣ್ಣು ಬದಲಿಸಿ, ಎಡಗಣ್ಣನ್ನು ಕಿಂಡಿಗೆ ಇಟ್ಟಳು. ಪರದೆಯ ಕಾಲುಭಾಗ ದಾಟಿ, ಕುರ್ಚಿಯಿಂದ ಎರಡು ಮೊಳದಲ್ಲಿ ಅತ್ತಿಗೆ ನಿಂತಿದ್ದರು. ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಗುಬ್ಬಿ ಕ್ಯಾಮೆರಾವನ್ನು ಎದೆಗೆ ಇಳಿಸಿದಳು.

"ಎಷ್ಟು ದಿನದಿಂದ?"

"ನನಗೆ ಕಂಡು ಏಳು ತಿಂಗಳು. ಮೊದಲು ಒಂದೆರಡರಲ್ಲಿ ಕಂಡಾಗ ಅವಸರದಲ್ಲಿ ತೆಗ್ದಿರ್ತೀಯ ಅಂದ್ಕೊಂಡೆ. ನಿನ್ನ ನೆಗೆಟಿವ್ ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಅಂಚಿನಲ್ಲಿ ಒಂದು ಕಡ್ಡೀನೂ ಬಿಟ್ಟವಳಲ್ಲ ನೀನು."

"ಡಾಕ್ಟರ್ ಏನಂದ್ರು?"

"ಕಾಂಟ್ಯಾಕ್ಟ್ ಶೀಟುಗಳನ್ನ ತಗೊಂಡು ಹೋಗಿ ತೋರಿಸ್ದೆ. ಮೊದಲನೇ ದಿನಾನೇ ಹೇಳಿದ್ರು, ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ ಅಂತ. ಅದಾಗಿ ಐದು ವಾರ ಆಯ್ತು."

"ಐದು ವಾರ," ಎಂದಳು ಗುಬ್ಬಿ. "ಐದು ವಾರದಿಂದ ಗೊತ್ತಿತ್ತು ನಿಮಗೆ."

"ಪ್ರದರ್ಶನ ಒಂದು ಮುಗೀಲಿ ಅಂತ."

"ಯಾರ ಕಣ್ಣಿಗೋಸ್ಕರ ಪ್ರದರ್ಶನ ಅತ್ತಿಗೆ? ನನ್ನ ಕಣ್ಣು ಹೋಗ್ತಿದ್ರೆ ನೀವು ಅದಕ್ಕೆ ಕಪ್ಪು ಬಳಿದು ಚೆಂದ ಕಾಣಿಸ್ತಾ ಕೂತಿದ್ರಾ?"

ಆ ಮಾತು ಅತ್ತಿಗೆಗೆ ತಾಗಿದ್ದು ಕಾಣಿಸಿತು. ಅವರು ನೆಪ ಹೇಳಲಿಲ್ಲ. "ಹೇಳ್ಬೇಕಿತ್ತು. ಪ್ರತಿ ಸಲ ಡಾಕ್ಟರ್ ಹತ್ರ ಹೋಗಿ, ಅವರು ಈ ಸಲ ಏನೂ ಇಲ್ಲ ಅಂತಾರೇನೋ ಅಂತ ಕೂತು ಬಂದೆ. ನಿನ್ನ ಮುಂದೆ ನಿಂತಾಗ ಬಾಯೇ ಬರ್ಲಿಲ್ಲ. ನೀನು ಆ ಪ್ರದರ್ಶನದ ಹಾಲ್ ಗೋಡೆ ಅಳೆಯೋಕೆ ಟೇಪು ಹಿಡ್ಕೊಂಡು ಓಡಾಡ್ತಿದ್ದೆ."

ಮರುದಿನ ಬೆಳಗ್ಗೆ ಗುಬ್ಬಿಯ ಚಪ್ಪಲಿ ಬಾಗಿಲ ಕಡೆಗೆ ಮುಖ ಮಾಡಿ ಜೋಡಿಸಿತ್ತು, ಅತ್ತಿಗೆ ಸೀರೆ ಉಟ್ಟು ಕೂತಿದ್ದರು. ಅಂದು ಗುರುವಾರ, ಬೋರ್ಡಿನಲ್ಲಿ ಇಲ್ಲದ ದಿನ. ಅತ್ತಿಗೆ ಬೆಳಗಿನ ಏಳಕ್ಕೇ ವೈದ್ಯರಿಗೆ ಫೋನ್ ಮಾಡಿ ಗೋಗರೆದಿದ್ದರಂತೆ, ಅವರು ಊಟದ ಹೊತ್ತಿನಲ್ಲಿ ಬರುವುದಕ್ಕೆ ಒಪ್ಪಿದ್ದರು.

ವೈದ್ಯೆ ಚಿಕ್ಕ ವಯಸ್ಸಿನವರು. ಗುಬ್ಬಿಯ ಗಲ್ಲವನ್ನು ಯಂತ್ರಕ್ಕೆ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಕಾಣದ ಚುಕ್ಕಿಗಳು ಎಷ್ಟು ಹೋದವೋ ಅವಳಿಗೆ ಹೇಗೆ ಗೊತ್ತಾಗಬೇಕು? ಬರುವ ಚುಕ್ಕಿಗಳ ನಡುವಿನ ಮೌನ ಉದ್ದವಾದಾಗಲೆಲ್ಲ, ಈಗ ಒಂದು ಹೋಯಿತೇ, ಈಗ ಒಂದು ಹೋಯಿತೇ ಎಂದು ಸಂಶಯಪಡುತ್ತ ಕೂತಳು. ಒಂದೆರಡು ಸಲ ಕಾಣದೆಯೂ ಗುಂಡಿ ಒತ್ತಿದಳು. ವೈದ್ಯೆಗೆ ಅದು ತಿಳಿದಿತ್ತು. ಬೈಯದೆ, ಯಂತ್ರ ನಿಲ್ಲಿಸಿ, ನೀರು ಕೊಟ್ಟು, "ಎಲ್ಲರೂ ಒತ್ತುತ್ತಾರೆ, ಮತ್ತೆ ಮೊದಲಿಂದ ಮಾಡೋಣ," ಎಂದರು.

"ಕಣ್ಣೊಳಗಿನ ಒತ್ತಡ ಹೆಚ್ಚಿ ಬಲಗಣ್ಣಿನ ನರ ಸವೆದಿದೆ. ಆ ಕಣ್ಣಿಗೆ ಮೂಗಿನ ಕಡೆಯ, ಅಂದ್ರೆ ಎಡಗಡೆಯ, ನೋಟ ಹೋಗಿದೆ. ಅಲ್ಲಿ ಕಪ್ಪು ಕಾಣೋದಿಲ್ಲ, ಪಕ್ಕದಲ್ಲಿ ಏನಿದೆಯೋ ಅದನ್ನೇ ಮನಸ್ಸು ಎಳೆದು ತುಂಬಿಸಿಬಿಡುತ್ತೆ. ಗೋಡೆ ಇದ್ದರೆ ಗೋಡೆ. ಹೋದದ್ದು ವಾಪಸ್ ಬರೋಲ್ಲ. ಹನಿ ತಪ್ಪದೆ ಹಾಕಿಕೊಂಡ್ರೆ ಉಳಿದದ್ದನ್ನ ಕಾಪಾಡಬಹುದು. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ."

"ಐದು ವಾರ ಮೊದಲೇ ಬಂದಿದ್ರೆ?" ಎಂದು ಕೇಳಿದವರು ಅತ್ತಿಗೆ.

ವೈದ್ಯೆ ಸುಳ್ಳು ಹೇಳಲಿಲ್ಲ. "ಐದು ವಾರ ಮೊದಲೇ ಹನಿ ಶುರುವಾಗ್ತಿತ್ತು. ಅದರಿಂದ ಎಷ್ಟು ಉಳೀತಿತ್ತು ಅಂತ ಅಳೆದು ಹೇಳೋಕೆ ನನಗೂ ಆಗಲ್ಲ. ಆದರೆ ಇವರು ತಾವಾಗೇ ಬರೋದಕ್ಕೆ ಇನ್ನೆರಡು ವರ್ಷ ಆಗ್ತಿತ್ತು. ಎರಡು ಕಣ್ಣೂ ಬಿಟ್ಟಾಗ ಗೊತ್ತೇ ಆಗಲ್ಲವಲ್ಲ."

ಮೆಟ್ಟಿಲು ಇಳಿದು ಬೀದಿಗೆ ಬಂದಾಗ ಅತ್ತಿಗೆ ಮತ್ತೆ ಗುಬ್ಬಿಯ ಎಡಕ್ಕೆ ಸರಿದರು.

"ಬಲಕ್ಕೆ ಬಂದ್ರೂ ಆಗುತ್ತೆ," ಎಂದಳು ಗುಬ್ಬಿ. "ನಡೆಯೋವಾಗ ಎಡಗಣ್ಣು ನೋಡ್ಕೊಳ್ಳುತ್ತೆ. ಕೇಳಲಿಲ್ವಾ ಅವರು ಹೇಳಿದ್ದು?"

"ಅಯ್ಯೋ, ಇಷ್ಟು ದಿನ ಸುಮ್ನೆ ಚರಂಡಿ ಬದಿಯಲ್ಲಿ ನಡೆದ್ನಾ ನಾನು?"

ಗುಬ್ಬಿಗೆ ನಗು ಬಂತು, ಸಿಟ್ಟು ಇನ್ನೂ ಹೋಗಿರಲಿಲ್ಲ. "ನಾನು ಏನೇನು ಅಂದ್ಕೊಂಡಿದ್ದೆ ಗೊತ್ತಾ? ಕ್ಲಬ್ಬಿನ ಕಾರ್ಯದರ್ಶಿಗೆ ನನ್ನ ಚಿತ್ರ ಕೊಡ್ತಿದೀರಿ ಅಂತ."

"ಆ ಮೂಗು ಒರೆಸೋಕೆ ಬರದವನಿಗಾ?" ಅತ್ತಿಗೆ ನಡುಬೀದಿಯಲ್ಲಿ ನಿಂತೇಬಿಟ್ಟರು. "ಕಳ್ಳತನ ಮಾಡೋದಿದ್ರೆ ಒಳ್ಳೆ ಕಳ್ಳನ್ನ ಹುಡುಕ್ತಿದ್ದೆ ಕಣೆ."

ಪ್ರದರ್ಶನವನ್ನು ಬಿಡುವ ಯೋಚನೆ ಗುಬ್ಬಿಗೆ ಎರಡು ದಿನ ಇತ್ತು. ಮೂರನೆಯ ದಿನ ಬೆಳಕಿನ ಪೆಟ್ಟಿಗೆಯ ಮುಂದೆ ಕೂತು, ಒಂಬತ್ತು ನೆಗೆಟಿವ್‌ಗಳನ್ನು ಬೇರೆ ಯಾರೋ ತೆಗೆದವೆಂಬಂತೆ ನೋಡಿದಳು. ನಾಲ್ಕು ಕೆಟ್ಟಿದ್ದವು, ಅವನ್ನು ಪಕ್ಕಕ್ಕೆ ತಳ್ಳಿದಳು. ಐದರಲ್ಲಿ ಒಳನುಗ್ಗಿದ್ದು ಇರಲಿ ಅನಿಸಿತು. ಗೆರೆ ಅಂಗಿಯವನು ಬಾಯಿ ತೆರೆದು ನಿಂತಿದ್ದರಿಂದಲೇ ರಟ್ಟು ಹಾಕುವವಳು ಅಷ್ಟು ಮಗ್ನಳಾಗಿ ಕಾಣುತ್ತಿದ್ದಳು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು.

"ಈ ಐದನ್ನ ಪೂರ್ತಿ ಪ್ರಿಂಟ್ ಮಾಡಿ ಅತ್ತಿಗೆ. ಅಂಚಿಗೆ ಒಂದು ಸೆಕೆಂಡೂ ಹೆಚ್ಚು ಬೇಡ."

"ಮೀಸೆ?"

"ಮೀಸೆ ಸಮೇತ."

ಫ್ರೇಮಿನವರು ಯಾಕೆಂದು ಕೇಳದೆ ಮೌಂಟುಗಳನ್ನು ಹೊಸದಾಗಿ ಕತ್ತರಿಸಿಕೊಟ್ಟರು. ಎಂಟು ಚಿತ್ರವಾಯಿತು. ಗೋಡೆಗೆ ಇನ್ನೊಂದೆರಡು ಬೇಕಿತ್ತು, ಐದು ದಿನ ಉಳಿದಿತ್ತು.

ಭಾನುವಾರ ಬೆಳಗ್ಗೆ ಇಬ್ಬರೂ ಕುರ್ಚಿಗೆ ಬೆತ್ತ ಹೆಣೆಯುವ ಮುದುಕನ ಬಳಿಗೆ ಹೋದರು. ಅವನು ಗೋಡೆಗೆ ಒರಗಿ, ಕಾಲ್ಬೆರಳಲ್ಲಿ ಬೆತ್ತದ ತುದಿ ಹಿಡಿದು ಕೆಲಸ ಮಾಡುತ್ತಿದ್ದ. ಗುಬ್ಬಿ ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದಳು. ಮೂವತ್ತು ವರ್ಷದ ಅಭ್ಯಾಸ ತಿರುಗುಮುರುಗಾಗಿ, ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತಿ, ಫಿಲ್ಮ್ ತಿರುಗಿಸುವ ಹಿಡಿ ಹಣೆಗೆ ತಾಗುತ್ತಿತ್ತು. ಮುದುಕ ತಲೆ ಎತ್ತಿ, "ಏನವ್ವಾ, ಇವತ್ತೇ ಕಲೀತಿದೀಯಾ?" ಎಂದ.

"ಹೂಂ ತಾತ, ಇವತ್ತೇ," ಎಂದಳು.

ಅತ್ತಿಗೆ ಹಿಂದೆ ನಿಂತಿದ್ದರು. ತಡೆಯಲಾರದೆ ಹೇಳಿದರು, "ಗುಬ್ಬಿ, ಎಡಗಡೆ ಒಂದು ಬಕೆಟ್ ಇದೆ."

"ಕಾಣ್ತಿದೆ ಅತ್ತಿಗೆ. ನಾನೇ ಬಿಟ್ಟಿದ್ದು."

"ನಿಜವಾಗ್ಲೂ?"

"ಹಿಡಿ ಮುರಿದಿದೆ, ತಂತಿ ಕಟ್ಟಿದಾರೆ. ಸಾಕಾ?"

ಗುಬ್ಬಿ ಉಸಿರು ಹಿಡಿದಳು. ಮುದುಕನ ಬೆರಳು ಬೆತ್ತದ ಅಡಿಗೆ ಹೊಕ್ಕು ಮೇಲೆ ಬರುವುದನ್ನು ಕಾಯುತ್ತ, ಗುಂಡಿ ಒತ್ತುವ ಮುನ್ನ, ಅತ್ತಿಗೆಗೆ ತಿಳಿಯದ ಹಾಗೆ ಕ್ಯಾಮೆರಾವನ್ನು ಒಂದಿಷ್ಟು ತಗ್ಗಿಸಿ, ಎರಡು ಕಣ್ಣೂ ಬಿಟ್ಟು, ಎಡಕ್ಕೆ ಇನ್ನೊಮ್ಮೆ ನೋಡಿಕೊಂಡಳು.